ಕರಡಿಗೆ ನನ್ನ ಚೀಲದಲ್ಲೇ ಇತ್ತು

ಶರಣ ಬಂಧುಗಳೇ, ಇದನ್ನು ಬರೆಯಲು ನಾಚಿಕೆಯಾಗುತ್ತದೆ. ಆದರೂ ದೇವರು ನನ್ನ ಮೊರೆ ಕೇಳಿದ ರೀತಿ ನಿಮಗೂ ತಿಳಿಯಲೆಂದು ಬರೆಯುತ್ತಿದ್ದೇನೆ.

೧೯೯೯ರ ಮಳೆಗಾಲ. ಉಬ್ಬಸ ಹೆಚ್ಚಾಗಿ ಅತ್ತೆಯವರನ್ನು ಪಾರಿಶ್ವಾಡದಿಂದ ತಂದು ಬೆಳಗಾವಿಯ ಆಸ್ಪತ್ರೆಗೆ ಸೇರಿಸಿದೆವು. ಎಕ್ಸ್‌ರೇ ತೆಗೆಯುವಾಗ ಅವರ ಕೊರಳಿನ ಇಷ್ಟಲಿಂಗವನ್ನು ಅದನ್ನಿಡುವ ಬೆಳ್ಳಿ ಕರಡಿಗೆ ಸಮೇತ ಬಿಚ್ಚಿದವಳು ನಾನೇ. ಎಲ್ಲಿಟ್ಟೆನೆಂಬುದೇ ಮರೆತುಹೋಯಿತು. “ಲಿಂಗ ಎದಿಮ್ಯಾಲ ಬರೂತನಕ ಹನಿ ನೀರೂ ಒಲ್ಲೆ” ಎಂದು ಅತ್ತೆ ಬಾಯಿ ಮುಚ್ಚಿಕೊಂಡರು. ಗಾಬರಿಯಲ್ಲಿ ನಾನು ಕಸ ಗುಡಿಸುತ್ತಿದ್ದ ಆಯಾಳತ್ತ ಬೆರಳು ತೋರಿಸಿ, “ಇಕೀನ ತಗೊಂಡಾಳ, ಮತ್ಯಾರ ಬಂದಾರ ಇಲ್ಲಿ?” ಎಂದು ವಾರ್ಡೆಲ್ಲ ಕೇಳುವಂತೆ ಕೂಗಿದೆ. ಎಂಥಾ ಬಾಯಿ ನನ್ನದು! ಆಕೆ ತನ್ನ ಊಟದ ಡಬ್ಬಿಯನ್ನೂ ತೆರೆದು ತೋರಿಸಿದಳು.

ಸಂಜೆ ಅನಗೋಳದ ನಮ್ಮ ಮನೆಯಲ್ಲಿ ಚೀಲ ಬಿಚ್ಚಿದರೆ ಟವೆಲಿನ ಮಡಿಕೆಯಲ್ಲಿ ಕರಡಿಗೆ! ಆಸ್ಪತ್ರೆಗೆ ಓಡಿಹೋಗಿ ಅತ್ತೆಯ ಕೊರಳಿಗೆ ಕಟ್ಟಿ, “ಗಾದಿ ಕೆಳಗ ಸಿಕ್ತ್ರೀ” ಎಂದೆ. ಅಷ್ಟರಲ್ಲಿ ಆಯಾ ಕೆಲಸ ಬಿಟ್ಟು ಹೋಗಿದ್ದಳು.

ಅತ್ತೆ ಗುಣವಾಗಿ ನಮ್ಮಲ್ಲೇ ಉಳಿದರು. ನನಗೋ ಎರಡು ವರ್ಷ ಪೂಜೆಗೆ ಕುಳಿತಾಗಲೆಲ್ಲ ಅದೇ ವಾರ್ಡು, ಅದೇ ಕೂಗು. “ತಂದೀ, ಇದನ್ನ ಮರಸು” ಎಂದು ನನ್ನ ಲಿಂಗವನ್ನು ಕಣ್ಣಿಗೊತ್ತಿಕೊಂಡು ಅಳುತ್ತಿದ್ದೆ. ಒಂದು ಮುಂಜಾನೆ ಅತ್ತೆ ನೋಡಿಬಿಟ್ಟರು. ಎಲ್ಲ ಹೇಳಿಬಿಟ್ಟೆ. ಅವರು ಬಯ್ಯಲಿಲ್ಲ. ಲಿಂಗ ಹಿಡಿದಿದ್ದ ನನ್ನ ಮುಂಗೈಯನ್ನು ಕಣ್ಣಿನಿಂದ ದೂರ ಸರಿಸಿದರು.

“ಕಣ್ಣಿಗೆ ಹಚಗೊಂಡ್ರ ಏನ ಕಾಣತೈತಿ? ಇಷ್ಟು ದೂರ ಹಿಡಿ. ಆ ದಿನಾನೂ ಹಂಗ ನೋಡು. ಅಲ್ಲಿ ನಿಂತಾಕಿ ನೀ ಅಲ್ಲ, ಬ್ಯಾರೆ ಯಾರದೋ ಸೊಸಿ ಅಂತ ತಿಳಿ. ಆಕಿ ಏನ ಮಾಡಾಕತ್ತಾಳ, ಹೇಳು.”

ಹೇಳುತ್ತ ಹೋದೆ. ಮೂರು ದಿನ ನಿದ್ದೆಗೆಟ್ಟ ಹೆಂಗಸು. ಅತ್ತೆ ಉಪವಾಸ ಸತ್ತಾರೆಂದು ನಡುಗುತ್ತಿದ್ದಾಳೆ. ಕೆಟ್ಟವಳಲ್ಲ, ಆದರೆ ಮಾಡಿದ್ದು ಕೆಟ್ಟದ್ದೇ. ಆಗ ಪಕ್ಕದಲ್ಲಿ ಕಸಬರಿಗೆ ಹಿಡಿದು ನಿಂತವಳೂ ಕಂಡಳು. ಎರಡು ವರ್ಷ ನಾನು ಅತ್ತದ್ದೆಲ್ಲ ನನಗಾಗಿ; ಅವಳ ಹೆಸರನ್ನೂ ಕೇಳಿರಲಿಲ್ಲ.

ಹೆಸರು ಸುಮನ್, ಊರು ಖಾನಾಪುರ ಎಂದು ಆಸ್ಪತ್ರೆಯಲ್ಲಿ ತಿಳಿಯಿತು. ರೈಲು ಹತ್ತಿದೆ. ನಡುದಾರಿಯ ದೇಸೂರಿನಲ್ಲೇ ಇಳಿದು ಹಿಂದಿರುಗಲೇ ಎನಿಸಿತು. ಹಲ್ಲು ಕಚ್ಚಿ ಕುಳಿತೆ. ಅವಳ ಬಾಗಿಲಲ್ಲಿ ನಿಂತು ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಅವಳು ಒಳಗಿಂದ ಚಾಪೆ ತಂದು ಹಾಸಿದಳು.

“ಮಾಫ ಮಾಡೇನಿ ಅಂತ ನಾ ಈಗ ಅನ್ನಂಗಿಲ್ರೀ. ಕುಂದರ್ರಿ. ಮಗಳು ಸಾಲಿಯಿಂದ ಬರತಾಳ. ಖರೇ ಏನಂತ ಆಕಿ ಮುಂದ ಹೇಳ್ರಿ. ‘ಆಯೀ, ನೀ ತಗೊಂಡಿದ್ದಿ ಏನ?’ ಅಂತ ಆಕಿ ಇನ್ನೂ ಕೇಳತಾಳ.”

ಕುಳಿತೆ. ಹುಡುಗಿ ಬಂದಳು. ಹೇಳಿದೆ. ಅವಳು ನನ್ನ ಕಡೆ ನೋಡಲೇ ಇಲ್ಲ. ಪಾಟಿಚೀಲ ಹೆಗಲಿನಲ್ಲಿರುವಂತೆಯೇ ಹೋಗಿ ತಾಯಿಯನ್ನು ಗಟ್ಟಿಯಾಗಿ ತಬ್ಬಿಕೊಂಡಳು.

ನಾನು ಬೇಡಿದ ಮರೆವನ್ನು ಕೊಡದ ಆ ತಂದೆಗೆ ಅಲ್ಲೇ, ಸುಮನ್‌ಳ ಹೊಸ್ತಿಲ ಮೇಲೆ, ತಲೆಬಾಗಿದೆ.