ಗುದ್ದಜ್ಜಿಯ ನಾಲ್ಕನೇ ಸುತ್ತು

ನಮ್ಮ ಮಗಳನ್ನು ಬಿಡುವ ಡೇಕೇರಿನಲ್ಲಿ ಮಧ್ಯಾಹ್ನ ಮಕ್ಕಳನ್ನು ಮಲಗಿಸುವುದು ಗುದ್ದಜ್ಜಿಯ ಕೆಲಸ. ಆ ಹೆಸರು ಮಕ್ಕಳು ಇಟ್ಟದ್ದು. ದೊಡ್ಡ ಮೈ, ಸಣ್ಣ ಸ್ವರ, ಹೆಗಲ ಮೇಲೆ ಸದಾ ಒಂದು ಬಿಳಿ ಟವೆಲ್ಲು. ಬೇರೆ ಅಜ್ಜಿಯಂದಿರು ಕಾಗೆ ಗುಬ್ಬಿಯ ಕಥೆ ಹೇಳಿ ಮಲಗಿಸಿದರೆ ಈಕೆ ಹೇಳುವುದು ಬಾಕ್ಸಿಂಗ್ ಪಂದ್ಯ. ಅದೂ ಯಾವತ್ತೂ ನಡೆಯದ, ನಡೆಯಲು ಸಾಧ್ಯವೇ ಇಲ್ಲದ ಪಂದ್ಯ.

ನನಗೆ ಇದು ಗೊತ್ತಾದದ್ದು ಮಗಳನ್ನು ಸೇರಿಸಿದ ಮೊದಲ ವಾರವೇ. ನಾನು ರಕ್ತ ಪರೀಕ್ಷೆ ಮಾಡುವ ಲ್ಯಾಬಿನಲ್ಲಿ ಕೆಲಸ ಮಾಡುವವಳು. ಮಗಳು ಕೆಮ್ಮಿದರೆ ನನಗೆ ಕೆಮ್ಮು ಕೇಳಿಸುವುದಿಲ್ಲ, ರಿಪೋರ್ಟೇ ಕಣ್ಣ ಮುಂದೆ ಬರುತ್ತದೆ. ಊಟದ ಬಿಡುವಿನಲ್ಲಿ ಓಡಿಬಂದು, ಡೇಕೇರಿನ ಕಿಟಕಿಯ ಹೊರಗೆ ಕಳ್ಳರ ಹಾಗೆ ನಿಂತುಕೊಳ್ಳುತ್ತಿದ್ದೆ. ಒಳಗೆ ನೀಲಿ ಪರದೆ ಎಳೆದಿತ್ತು, ಅದರ ಸಂದಿಯಿಂದ ಎಲ್ಲಾ ಕಾಣುತ್ತಿತ್ತು. ನೆಲದ ಮೇಲೆ ಎರಡು ಸಾಲು ಪುಟ್ಟ ಹಾಸಿಗೆ. ನಡುವೆ ಮಣೆಯ ಮೇಲೆ ಕೂತ ಅಜ್ಜಿ ಒಂದು ಕೈಯಲ್ಲಿ ಒಂದು ಮಗುವನ್ನು, ಇನ್ನೊಂದು ಕೈಯಲ್ಲಿ ಇನ್ನೊಂದು ಮಗುವನ್ನು ತಟ್ಟುತ್ತಾ ಹೇಳುತ್ತಿದ್ದಳು.

"ಈ ಮೂಲೇಲಿ ಮೀಸೆ. ಆ ಮೂಲೇಲಿ ಕುಣಿಯೋನು. ಮೀಸೆ ಮುತ್ತಜ್ಜನ ಕಾಲದೋನು, ಕೈಗೆ ಗ್ಲೌಸ್ ಹಾಕೋದು ಅಂದ್ರೆ ಅವಮಾನ ಅನ್ನೋನು. ಕುಣಿಯೋನ ಕಾಲು ನೆಲಕ್ಕೆ ತಾಗೋದೇ ಇಲ್ಲ. ಗಂಟೆ ಹೊಡೀತು. ಮೀಸೆ ಹತ್ರ ಬಂದ. ಕುಣಿಯೋನು ದೂರ ಹೋದ. ಮೀಸೆ ಮತ್ತೆ ಹತ್ರ ಬಂದ. ಕುಣಿಯೋನು ಮತ್ತೆ ದೂರ ಹೋದ..."

ಒಗೆದ ಬಟ್ಟೆ ಎಣಿಸುವವರ ಧ್ವನಿ. ಏರಿಳಿತವೇ ಇಲ್ಲ. ನಾಲ್ಕನೇ ಸುತ್ತಿನ ಹೊತ್ತಿಗೆ ಕೋಣೆಯಲ್ಲಿ ಒಂದೂ ಕಣ್ಣು ತೆರೆದಿರಲಿಲ್ಲ. ಮನೆಯಲ್ಲಿ ನಾನು ಸೊಂಟ ಮುರಿಯುವಷ್ಟು ತೂಗಿದರೂ ಮಲಗದ ನನ್ನ ಮಗಳು ಬಾಯಿ ತೆರೆದು ಮಲಗಿದ್ದಳು.

ಸಂಜೆ ಗೇಟಿನಲ್ಲಿ ಕೇಳಿಯೇಬಿಟ್ಟೆ. "ಏನಜ್ಜಿ, ಇಷ್ಟು ಚಿಕ್ಕ ಮಕ್ಕಳಿಗೆ ಹೊಡೆದಾಟದ ಕಥೆನಾ?"

"ಹೊಡೆದಾಟ ಎಲ್ಲಿ ಬಂತು ತಾಯಿ? ಇಬ್ರೂ ಸುಮ್ನೆ ಓಡಾಡ್ಕೊಂಡಿದಾರೆ ಪಾಪ."

ಅಜ್ಜಿಯ ಗಂಡ ಹೆವಿವೇಯ್ಟ್ ಬಾಕ್ಸರ್ ಆಗಿದ್ದವರು. ಹೇಳಿಕೊಳ್ಳುವಂಥದ್ದೇನೂ ಗೆಲ್ಲಲಿಲ್ಲ. ಆಮೇಲೆ ಒಂದು ಬಾಕ್ಸಿಂಗ್ ಶಾಲೆಯಲ್ಲಿ ಹುಡುಗರಿಗೆ ಹೇಳಿಕೊಡುತ್ತಿದ್ದರು. ಅಜ್ಜಿ ಅದೇ ಶಾಲೆಯಲ್ಲಿ ಟವೆಲ್ಲು ಒಗೆಯುವುದು, ಬಕೆಟ್ಟಿಗೆ ನೀರು ತುಂಬುವುದು, ರಿಂಗಿನ ನೆಲ ಒರೆಸುವುದು ಮಾಡುತ್ತಿದ್ದಳು. ಅಭ್ಯಾಸ ಮುಗಿದ ಮೇಲೆ ಗಂಡಸರೆಲ್ಲ ಬೆಂಚಿನ ಮೇಲೆ ಸಾಲಾಗಿ ಕೂತು ಬೇರೆ ಬೇರೆ ಕಾಲದ ಚಾಂಪಿಯನ್ನರನ್ನು ಒಬ್ಬರ ಮೇಲೊಬ್ಬರನ್ನು ಬಿಡುತ್ತಿದ್ದರಂತೆ. ಇವನು ಅವನ ಕೈಗೆ ಸಿಕ್ಕಿದ್ದರೆ ಏನಾಗುತ್ತಿತ್ತು, ಅವನು ಇವನ ಕಾಲದಲ್ಲಿ ಹುಟ್ಟಿದ್ದರೆ ಎಷ್ಟು ಸುತ್ತು ನಿಲ್ಲುತ್ತಿದ್ದ ಎಂದು ವಾದವೋ ವಾದ.

"ಸತ್ತು ಮಣ್ಣಾದೋರನ್ನ ಎಬ್ಬಿಸಿ ತಂದು ಹೊಡೆದಾಡಿಸೋರು," ಎಂದಳು ಅಜ್ಜಿ. "ಬದುಕಿರೋರನ್ನ ಊಟಕ್ಕೆ ಏಳ್ರಪ್ಪಾ ಅಂದ್ರೆ ಒಬ್ರೂ ಏಳ್ತಿರಲಿಲ್ಲ."

ಚಾಂಪಿಯನ್ನರ ನಿಜವಾದ ಹೆಸರುಗಳು ಅಜ್ಜಿಯ ನಾಲಿಗೆಗೆ ಒಗ್ಗಲಿಲ್ಲ. ಆ ಶಾಲೆಯ ಗೋಡೆಯ ಮೇಲಿನ ಫೋಟೋ ನೋಡಿ ತಾನೇ ಹೆಸರಿಟ್ಟುಕೊಂಡಳು: ಮೀಸೆ, ಕುಣಿಯೋನು, ಬಂಡೆ, ಮುನಿಸಪ್ಪ. ಬೆಂಚಿನ ನಿಯಮಗಳನ್ನು ಮಾತ್ರ ಇದ್ದ ಹಾಗೇ ಉಳಿಸಿಕೊಂಡಿದ್ದಳು. ಪ್ರತಿಯೊಬ್ಬನೂ ತನ್ನ ಅತ್ಯುತ್ತಮ ದಿನ ಹೇಗಿದ್ದನೋ ಹಾಗೇ ಬರಬೇಕು. ವಯಸ್ಸಾಯಿತು, ಜ್ವರ ಬಂದಿತ್ತು ಎಂಬ ನೆವ ಇಲ್ಲ. ಇಬ್ಬರಿಗೂ ಒಂದೇ ಬಕೆಟ್ಟಿನ ನೀರು. ಬಿದ್ದವನು ಹತ್ತು ಎಣಿಸುವುದರೊಳಗೆ ಏಳಬೇಕು, ಏಳದಿದ್ದರೆ ಸೋತ. ಇದರ ಮೇಲೆ ಅಜ್ಜಿ ಸೇರಿಸಿದ್ದು ಒಂದು: ತಲೆಗೆ ಹೊಡೆಯುವಂತಿಲ್ಲ. ಹೊಡೆದರೆ ಪಂದ್ಯ ಅಲ್ಲಿಗೇ ನಿಲ್ಲುತ್ತದೆ.

ಎಲ್ಲಾ ಸರಿಯಾಗಿಯೇ ನಡೆದಿತ್ತು. ಒಂದು ದಿನ ಡೇಕೇರಿನಿಂದ ಫೋನು ಬಂತು. ಫೋನು ಬಂದ ಕೂಡಲೇ ನಾನು ಚೀಲ ಹೆಗಲಿಗೇರಿಸುವುದು ಮಾಮೂಲು. ಈ ಸಲ ನನ್ನ ಮಗಳಿಗೆ ಏನೂ ಆಗಿರಲಿಲ್ಲ, ಅವಳೇ ಮಾಡಿದ್ದಳು. ಜಾರುಬಂಡೆಯ ಕೆಳಗೆ ಬ್ಯಾಂಕಿನ ಮ್ಯಾನೇಜರರ ಮಗನ ಹೊಟ್ಟೆಗೆ ಗುದ್ದಿ ಬೀಳಿಸಿ, ಪಕ್ಕದಲ್ಲಿ ಮಂಡಿಯೂರಿ ಹತ್ತರವರೆಗೆ ಎಣಿಸಿದ್ದಳು.

ಡೇಕೇರಿನ ಒಡತಿಯನ್ನು ನಾವೆಲ್ಲ ಮೇಡಂ ಅನ್ನುತ್ತೇವೆ. ಅವರ ಕೋಣೆಯಲ್ಲಿ ಮ್ಯಾನೇಜರು ಮಗನ ಅಂಗಿ ಎತ್ತಿ ಹೊಟ್ಟೆ ತೋರಿಸುತ್ತಿದ್ದರು. ಹೊಟ್ಟೆಯ ಮೇಲೆ ಏನೂ ಇರಲಿಲ್ಲ.

"ಯಾಕೆ ಪುಟ್ಟೀ ಹೊಡೆದೆ?" ಎಂದೆ.

"ತಲೆಗೆ ಹೊಡೆದಿಲ್ಲಮ್ಮಾ," ಎಂದಳು ನನ್ನ ಮಗಳು, ತನಗೇ ಅನ್ಯಾಯವಾದ ಹಾಗೆ.

"ನಾನು ಎಂಟಕ್ಕೇ ಎದ್ದೆ," ಎಂದ ಆ ಹುಡುಗ. "ಆದ್ರೂ ಇವಳು ಎಣಿಸ್ತಾನೇ ಇದ್ಲು." ಅವನ ದೂರು ಇದ್ದದ್ದು ಇಷ್ಟೇ.

ಮ್ಯಾನೇಜರರ ದೂರು ಬೇರೆ. ಮಕ್ಕಳನ್ನು ಮಲಗಿಸುವವಳು ಮಕ್ಕಳಿಗೆ ಗುದ್ದಾಟ ಕಲಿಸುತ್ತಿದ್ದಾಳೆ, ಇದು ನಿಲ್ಲಬೇಕು. ಮೇಡಂ ಎರಡೂ ಕಡೆ ನೋಡಿ, "ನಾಳೆ ಮಧ್ಯಾಹ್ನ ನೀವಿಬ್ರೂ ಬಂದು ಕೂತು ಕೇಳಿ. ಸರಿ ಇಲ್ಲ ಅನ್ನಿಸಿದ್ರೆ ಅಜ್ಜಿಗೆ ಬೇರೆ ಕಡೆ ನೋಡ್ಕೊಳ್ಳೋಕೆ ಹೇಳ್ತೀನಿ," ಎಂದರು.

ಅಜ್ಜಿಗೆ ಬೇರೆ ಕಡೆ ಎಂಬುದೇ ಇರಲಿಲ್ಲ. ಮಂಡಿ ನೋವಿನಿಂದ ನೆಲ ಒರೆಸುವ ಕೆಲಸ ಬಿಟ್ಟು ಬಂದವಳು. ಡೇಕೇರಿನ ಹಿಂದಿನ ಸಾಮಾನು ಕೋಣೆಯಲ್ಲಿ, ಒಡೆದ ತೊಟ್ಟಿಲುಗಳ ಪಕ್ಕ ಅವಳ ಮಂಚ. ಕೆಲಸ ಹೋದರೆ ಮಂಚವೂ ಹೋಯಿತು. ಅದು ನನಗೂ ಗೊತ್ತಿತ್ತು. ಹಾಗೆಂದು ನನ್ನ ಮಗಳು ನಾಳೆ ಇನ್ಯಾರ ಹೊಟ್ಟೆಗೆ ಗುದ್ದುತ್ತಾಳೋ ಎಂಬ ಭಯವೂ ಬಿಡಲಿಲ್ಲ.

ಮರುದಿನ ನಾನು, ಮ್ಯಾನೇಜರು, ಮೇಡಂ ಮಕ್ಕಳ ಕುರ್ಚಿಗಳ ಮೇಲೆ ಕೂತೆವು. ಮ್ಯಾನೇಜರರ ಮಂಡಿ ಗಲ್ಲಕ್ಕೆ ತಾಗುತ್ತಿತ್ತು. ಅಜ್ಜಿ ನಮ್ಮನ್ನು ನೋಡಿದಳು, ಟವೆಲ್ಲು ಸರಿಮಾಡಿಕೊಂಡಳು, ಶುರುಮಾಡಿದಳು.

"ಈ ಮೂಲೇಲಿ ಮೀಸೆ. ಆ ಮೂಲೇಲಿ ಬಂಡೆ. ಗಂಟೆ ಹೊಡೀತು. ಬಂಡೆ ಹೊಟ್ಟೆಗೆ ಒಂದು ಕೊಟ್ಟ. ಮೀಸೆ ಪಕ್ಕೆಗೆ ಒಂದು ಕೊಟ್ಟ."

"ಬಂಡೆ ಅಂದ್ರೆ ಯಾರು, ಆ ಬೋಳುತಲೆಯವನಾ?" ಎಂದರು ಮ್ಯಾನೇಜರು ಪಿಸುದನಿಯಲ್ಲಿ.

"ಹೂಂ ಸಾರ್."

"ಅವನು ತಲೆಗೆ ಹೊಡೀದೆ ಇರೋದುಂಟಾ? ನಾನು ಟೀವೀಲಿ ಎಷ್ಟು ಸಲ ನೋಡಿದೀನಿ, ಅವನು ಗೆಲ್ತಿದ್ದದ್ದೇ ದವಡೆಗೆ ಹೊಡೆದು. ಇದ್ಯಾವ ಸೀಮೆ ಪಂದ್ಯ?"

ಮಕ್ಕಳೆಲ್ಲ ಎದ್ದು ಕೂತರು. ಮಗ ಅಪ್ಪನನ್ನು ಹೆಮ್ಮೆಯಿಂದ ನೋಡಿದ. ಗುದ್ದಾಟ ನಿಲ್ಲಿಸಲು ಬಂದವರು ಗುದ್ದು ಸಾಲದೆಂದು ಜಗಳ ಮಾಡುತ್ತಿದ್ದಾರಲ್ಲ ಎಂದು ನಾನು ಮೇಡಂ ಮುಖ ನೋಡಿದೆ. ಅವರು ಪರದೆ ನೋಡುತ್ತಿದ್ದರು.

ಅಜ್ಜಿ ತಟ್ಟುವುದನ್ನು ನಿಲ್ಲಿಸಲಿಲ್ಲ. ಧ್ವನಿಯೂ ಬದಲಾಗಲಿಲ್ಲ. "ನಮ್ಮ ಮನೆಯವರು ತಲೆಗೆ ಬಹಳ ತಿಂದಿದ್ರು ಸಾರ್. ಕೊನೆಕೊನೆಗೆ ಊಟ ಮಾಡಿದ್ದು ಮರೀತಿದ್ರು. ನನ್ನನ್ನೂ ಮರೆತ್ರು, ಯಾರಮ್ಮಾ ನೀನು ಅನ್ನೋರು. ಮೀಸೆ ನೆನಪಿದ್ದ, ಬಂಡೆ ನೆನಪಿದ್ದ. ನಿದ್ದೆ ಮಾತ್ರ ಬರ್ತಿರಲಿಲ್ಲ. ಅದಕ್ಕೆ ಅವರ ಬೆಂಚಿನ ಮಾತನ್ನೇ ಅವರಿಗೆ ಹೇಳ್ತಾ ಕೂತೆ. ದವಡೆಗೆ ಬಿತ್ತು ಅಂದ ಕೂಡಲೇ ಬೆಚ್ಚಿಬಿದ್ದು ಎರಡೂ ಕೈಯಲ್ಲಿ ತಲೆ ಮುಚ್ಕೊಳ್ಳೋರು. ತಲೆ ಏಟು ತೆಗೆದುಬಿಟ್ಟೆ. ಆಮೇಲೆ ನಾಲ್ಕನೇ ಸುತ್ತಿಗೆ ನಿದ್ದೆ ಬರೋದು."

ಮ್ಯಾನೇಜರು ಟೈ ಸಡಿಲಮಾಡಿಕೊಂಡರು. ಮುಂದೆ ಬಾಗಿ ಕೇಳಿದರು, "ಮತ್ತೆ ಕೊನೇಲಿ ಗೆಲ್ಲೋದು ಯಾರು?"

"ನನಗೇನು ಗೊತ್ತು ಸಾರ್. ಐದನೇ ಸುತ್ತು ಯಾರೂ ನೋಡಿಲ್ಲ."

"ಆದ್ರೂ ಹೊಟ್ಟೆಗೆ ಗುದ್ದೋದು ಬೇಡ," ಎಂದರು ಅವರು, ಈಗ ಮೆತ್ತಗೆ. "ಮಕ್ಕಳು ನೋಡಿ ಕಲೀತಾರೆ."

ಮೇಡಂ ನನ್ನ ಕಡೆ ತಿರುಗಿದರು. ನಾನು, "ಗುದ್ದು ತಾಗೋದೇ ಬೇಡ ಅಂದ್ರೆ ಆಗುತ್ತಾ ಅಜ್ಜಿ?" ಎಂದೆ.

ಅಜ್ಜಿ ಯೋಚಿಸಿದಳು. ಹೆಗಲಿನ ಟವೆಲ್ಲು ತೆಗೆದು ಮಡಚಿದಳು, ಬಿಚ್ಚಿದಳು.

"ಆಗುತ್ತೆ ಬಿಡಿ ತಾಯಿ," ಎಂದಳು. "ಮೀಸೆ ಸತ್ತು ಎಷ್ಟೋ ಕಾಲ ಆದ್ಮೇಲೆ ಬಂಡೆ ಹುಟ್ಟಿದ್ದು. ಒಬ್ಬರ ಕೈ ಇನ್ನೊಬ್ಬರಿಗೆ ತಾಗೋದಾದ್ರೂ ಹೇಗೆ?"

ಮತ್ತೆ ಮೊದಲಿನಿಂದ ಹಿಡಿದಳು. "ಗಂಟೆ ಹೊಡೀತು. ಮೀಸೆ ಗುದ್ದಿದ. ಬಂಡೆ ಇನ್ನೂ ಹುಟ್ಟಿಲ್ಲ. ಬಂಡೆ ಗುದ್ದಿದ. ಮೀಸೆ ಆಗಲೇ ಹೊರಟುಹೋಗಿದ್ದ. ಮೀಸೆ ಮತ್ತೆ ಗುದ್ದಿದ. ಬಂಡೆ ಇನ್ನೂ ಹುಟ್ಟಿಲ್ಲ..."

ಮಕ್ಕಳು ಒಂದೊಂದಾಗಿ ಉರುಳಿಕೊಂಡವು. ಮ್ಯಾನೇಜರರ ಮಗ ಎಲ್ಲರಿಗಿಂತ ಮೊದಲು ಮಲಗಿದ, ನನ್ನ ಮಗಳು ಕೊನೆಗೆ. ನಾಲ್ಕನೇ ಸುತ್ತಿಗೆ ಗಂಟೆ ಹೊಡೆದಾಗ ಎಚ್ಚರವಿದ್ದವರು ದೊಡ್ಡವರು ಮಾತ್ರ. ಅಜ್ಜಿ ಅಲ್ಲಿಗೆ ನಿಲ್ಲಿಸಿದಳು. ಮುಂದೇನೆಂದು ಮ್ಯಾನೇಜರು ಬಾಯಿ ತೆರೆದರು, ಮಲಗಿದ ಮಗನನ್ನು ನೋಡಿ ಮುಚ್ಚಿಕೊಂಡರು. ಶೂ ಕೈಯಲ್ಲಿ ಹಿಡಿದುಕೊಂಡು ಬಾಗಿಲ ತನಕ ತುದಿಗಾಲಲ್ಲಿ ಹೋಗಿ, ಮೇಡಂಗೆ "ಇರಲಿ ಬಿಡಿ" ಎಂಬಂತೆ ಕೈಯಾಡಿಸಿದರು.

ಮೇಡಂ ಕಿಟಕಿಯ ಬಳಿ ನಿಂತು ಪರದೆಯ ಅಂಚು ಮುಟ್ಟಿ ನೋಡಿದರು.

"ಅಜ್ಜಿ, ಇದೆಲ್ಲ ಕೊಳೆಯಾಗಿದೆ. ಭಾನುವಾರ ತೆಗೆದು ಒಗೆದುಬಿಡಿ."

"ಆಗಲಿ ಮೇಡಂ," ಎಂದಳು ಅಜ್ಜಿ. ನನ್ನ ಮಗಳ ಗಲ್ಲದ ಮೇಲಿನ ಜೊಲ್ಲನ್ನು ಟವೆಲ್ಲಿನ ತುದಿಯಿಂದ ಒರೆಸಿ, ಅದನ್ನು ಮತ್ತೆ ಹೆಗಲಿಗೆ ಹಾಕಿಕೊಂಡಳು.