ಅನ್ನ ಆರುವಷ್ಟು ಪ್ರಾರ್ಥನೆ

ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗ ನನಗೆ ಬರುತ್ತಿದ್ದ ತೆಲುಗೆಲ್ಲ ವಿಜಯವಾಡದ ಪಟಮಟದಲ್ಲಿ, ಬ್ಯಾಂಕಿನ ಕೌಂಟರಿನ ಹಿಂದೆ ಕೂತು ಕಲಿತದ್ದು. ಇಲ್ಲಿ ಸಹಿ ಮಾಡಿ, ಆಧಾರ್ ತನ್ನಿ, ಸರ್ವರ್ ಇಲ್ಲ, ನಾಳೆ ಬನ್ನಿ. ಧಾರವಾಡದವನಿಗೆ ಇಷ್ಟು ಧಾರಾಳವಾಯಿತು ಎಂದುಕೊಂಡಿದ್ದೆ.

ಇಲ್ಲಿ ನಾವು ಸೇರಿದ್ದು ಸ್ಕಾಟ್ಲೆಂಡಿನ ಪಾದ್ರಿಗಳು ಕಟ್ಟಿಸಿದ ಹಳೆಯ ಪ್ರೆಸ್ಬಿಟೇರಿಯನ್ ಚರ್ಚು. ಭಾನುವಾರದ ಆರಾಧನೆ ಮುಗಿದ ಮೇಲೆ, ಎದುರಿನ ಆಸ್ಪತ್ರೆಯ ರೋಗಿಗಳ ಕಡೆಯವರಿಗೆ ಅಂಗಳದಲ್ಲಿ ಊಟ. ರೋಗಿಗಳನ್ನು ನೋಡಲು ಬಿಡುವುದಕ್ಕೆ ಒಂದು ಗಂಟೆಗೆ ವಾರ್ಡಿನ ಗೇಟು ತೆಗೆಯುತ್ತಾರೆ. ಅಷ್ಟರೊಳಗೆ ಅವರು ಉಂಡು ಓಡಬೇಕು. ನಡುವೆ ಇದ್ದ ಅಡ್ಡಿ ಒಂದೇ, ಸಭೆಯ ಹಿರಿಯರೊಬ್ಬರ ಪ್ರಾರ್ಥನೆ. ಅದು ಆದಾಮನಿಂದ ಹೊರಟು, ನೋಹನ ನಾವೆ ಹತ್ತಿ ಇಳಿದು, ವಿಶಾಖಪಟ್ಟಣ ತಲುಪುವಷ್ಟರಲ್ಲಿ ಬಿಸಿ ಬೇಳೆಯ ಮೇಲೆ ಕೆನೆ ಕಟ್ಟಿರುತ್ತಿತ್ತು.

ಒಂದು ಭಾನುವಾರ ಅವರ ಗಂಟಲು ಕಟ್ಟಿತು. ಬಡಿಸಲು ನಿಂತಿದ್ದ ನನ್ನ ಹೆಗಲು ತಟ್ಟಿ, ನೀವೇ ಹೇಳಿ ಎಂದು ಸನ್ನೆ ಮಾಡಿದರು. ಪ್ರಾರ್ಥನೆಯ ತೆಲುಗು ನನಗೆಲ್ಲಿ ಬರಬೇಕು? ತಟ್ಟೆ ಹಿಡಿದವರೆಲ್ಲ ಆಗಲೇ ಕಣ್ಣು ಮುಚ್ಚಿದ್ದರು.

“ಪ್ರಭುವಾ, ನಮಸ್ಕಾರಮಂಡಿ,” ಎಂದೆ. “ವೀಳ್ಳು ಚಾಲಾಸೇಪಟಿನುಂಚಿ ಲೈನ್‌ಲೋ ಉನ್ನಾರು. ಕೊಂಚೆಂ ತ್ವರಗಾ ಚೂಡಂಡಿ. ಆಮೆನ್.”

ಇವರು ಬಹಳ ಹೊತ್ತಿನಿಂದ ಸಾಲಿನಲ್ಲಿದ್ದಾರೆ, ಸ್ವಲ್ಪ ಬೇಗ ನೋಡಿ. ದಿನಾ ನಮ್ಮ ಮ್ಯಾನೇಜರಿಗೆ ಹೇಳುತ್ತಿದ್ದ ಮಾತೇ ಅದು. ಆಮೆನ್ ಒಂದು ಮಾತ್ರ ಹೊಸದು.

“ಅಲ್ರೀ, ದೇವ್ರ ಮುಂದ ನಿಂತೀರೋ, ಮ್ಯಾನೇಜರ್ ಮುಂದ ನಿಂತೀರೋ?” ಎಂದು ಪಕ್ಕದಿಂದ ಹೆಂಡತಿ ಗದರಿದಳು. ಆದರೆ ಸಾಲಿನಿಂದ ಎದ್ದ ಆಮೆನ್‌ಗೆ ಅಂಗಳದ ಕಾಗೆಗಳೆಲ್ಲ ಹಾರಿದವು. ಅನ್ನದಲ್ಲಿ ಇನ್ನೂ ಹಬೆಯಾಡುತ್ತಿತ್ತು. ಮುಂದಿನ ವಾರದಿಂದ ಜನ ಬ್ಯಾಂಕ್ ಸಾರ್ ಪ್ರಾರ್ಥನೆಯೇ ಬೇಕು ಎನ್ನತೊಡಗಿದರು. ಹಿರಿಯರು ಮುಖ ಊದಿಸಿಕೊಂಡರು. ನಾನು ಉಬ್ಬಿಹೋದೆ.

ಉಬ್ಬಿದವನು ಸುಮ್ಮನಿರಬೇಕಲ್ಲ! ಮಗಳಿಗೆ ಕನ್ನಡಕ್ಕಿಂತ ತೆಲುಗೇ ಸಲೀಸು. ಶನಿವಾರ ಸಂಜೆ ಅವಳನ್ನು ಕೂರಿಸಿಕೊಂಡು ದೊಡ್ಡ ದೊಡ್ಡ ಪದಗಳನ್ನು ಬರೆಸಿಕೊಂಡೆ, ಕನ್ನಡಿಯ ಮುಂದೆ ಉರು ಹೊಡೆದೆ. ವಾರವಾರಕ್ಕೂ ಪ್ರಾರ್ಥನೆ ಬೆಳೆಯಿತು. ರೋಗಿಗಳು ಸೇರಿದರು, ವೈದ್ಯರು ಸೇರಿದರು, ಆಂಬ್ಯುಲೆನ್ಸ್ ಚಾಲಕರೂ ಅವರ ಮಕ್ಕಳ ವಿದ್ಯಾಭ್ಯಾಸವೂ ಸೇರಿದವು. ಎಂಥ ತೆಲುಗು ಅಂತೀರಿ! ನನಗೇ ಕಣ್ಣಲ್ಲಿ ನೀರು ಬರುತ್ತಿತ್ತು.

ಅಂಥದೊಂದು ಭಾನುವಾರ ನಾನು ವೈದ್ಯರನ್ನು ಮುಗಿಸಿ ನರ್ಸುಗಳಿಗೆ ಬಂದಿದ್ದೆ. ಯಾರೋ ತೋಳು ಜಗ್ಗಿದರು. ಕಣ್ಣು ಬಿಟ್ಟರೆ ಭೀಮುನಿಪಟ್ಟಣದಿಂದ ಬಂದಿದ್ದ ಮೀನು ಮಾರುವ ಅಜ್ಜಿಯೊಬ್ಬಳು. ಗಂಡನನ್ನು ವಾರ್ಡಿಗೆ ಸೇರಿಸಿದ್ದಳು. ಅವಳ ಹಿಂದೆ ಸಾಲು ಅರ್ಧಕ್ಕರ್ಧ ಖಾಲಿ.

“ಗೇಟು ತೆಗೆದ್ರು ಬಾಬು. ನನ್ನ ಅನ್ನ ಒಂದು ಕವರಿಗೆ ಹಾಕಿಬಿಡು,” ಎಂದಳು ತೆಲುಗಿನಲ್ಲಿ, ಒಂದಿಷ್ಟೂ ಕೋಪವಿಲ್ಲದೆ. “ನೀನು ನಿಧಾನಕ್ಕೆ ಮುಗಿಸು.”

ನಾಚಿಕೆಯಿಂದ ಸತ್ತೇಹೋದೆ. ನರ್ಸುಗಳನ್ನು ದೇವರ ಕೈಗೇ ಬಿಟ್ಟು ಅಜ್ಜಿಗೆ ಅನ್ನ ಕಟ್ಟಿಕೊಟ್ಟೆ. ಮಿಕ್ಕದ್ದನ್ನು ಕವರುಗಳಿಗೆ ತುಂಬಿಕೊಂಡು, ಹಸಿದು ಹೋದವರ ಹಿಂದೆ ಗೇಟಿನ ಕಡೆ ಓಡಿದೆ.