ಎರಡು ಸಲ ಬಿದ್ದ ಔಷಧ

ಐನಾಪುರದ ನಮ್ಮಣ್ಣನ ತೋಟದಲ್ಲಿ ಈ ಸಲ ಎಂಟು ಸಾಲು ದ್ರಾಕ್ಷಿ ಚಿಗುರಲೇ ಇಲ್ಲ. ಆಚೀಚೆ ಹಸಿರು, ನಡುವೆ ಒಣ ಕಡ್ಡಿ. ಚಿಗುರೊಡೆಯಬೇಕಾದ ಕಣ್ಣುಗಳೆಲ್ಲ ಸುಟ್ಟು ಕರಕಲು. ನಾನು ಚಿಕ್ಕೋಡಿಯಿಂದ ಬಸ್ ಹಿಡಿದು ಹೋಗುವಷ್ಟರಲ್ಲಿ ಮನೆಯಲ್ಲಿ ವಿಚಾರಣೆ ಮುಗಿದು ಶಿಕ್ಷೆಯೂ ಆಗಿತ್ತು.

ದ್ರಾಕ್ಷಿ ಬೆಳೆಯದವರಿಗೆ ಒಂದು ಮಾತು. ಅಕ್ಟೋಬರ್‌ನಲ್ಲಿ ಬಳ್ಳಿ ಕತ್ತರಿಸಿದ ಮೇಲೆ (ಇದಕ್ಕೆ ನಮ್ಮ ಕಡೆ ಚಾಟ್ನಿ ಎನ್ನುತ್ತಾರೆ, ರೊಟ್ಟಿಗೆ ಹಚ್ಚುವುದಲ್ಲ) ಕಣ್ಣುಗಳಿಗೆ ಔಷಧ ಸವರಬೇಕು. ಎಲ್ಲವೂ ಒಟ್ಟಿಗೆ ಒಡೆಯಲಿ ಅಂತ. ಬಕೆಟ್‌ಗೆ ಮೊದಲು ನೀರು, ಆಮೇಲೆ ಔಷಧ, ಕೊನೆಗೆ ಕೆಂಪು ಬಣ್ಣ. ಯಾವ ಕಣ್ಣಿಗೆ ಹಚ್ಚಿದ್ದಾಯಿತು ಎಂದು ಬಣ್ಣ ತೋರಿಸುತ್ತದೆ. ಔಷಧ ಹೆಚ್ಚಾದರೆ ಕಣ್ಣೇ ಹೋಗುತ್ತದೆ. ಅದಕ್ಕೇ ನಮ್ಮ ತೋಟದಲ್ಲೊಂದು ರಿವಾಜು: ಕಲಸುವವನು ಯಜಮಾನ, ಅವನು ಕಲಸುವಾಗ ಯಾರೂ ಮಾತಾಡುವಂತಿಲ್ಲ.

ರಸ್ತೆಯಲ್ಲಿ ಹೋಗುವವರಿಗೆ ನಮ್ಮ ರಿವಾಜು ಏನು ಗೊತ್ತು? ಅಣ್ಣ ಔಷಧ ಸುರಿದಿದ್ದ. ಬಣ್ಣ ಇನ್ನೂ ಬಿದ್ದಿರಲಿಲ್ಲ. ಯಾರೋ ಸೈಕಲ್ ನಿಲ್ಲಿಸಿ ಕೂಗಿದರು: "ಯಜಮಾನ್ರ, ಯಡೂರಿಗೆ ಟೆಂಪೊ ಎಷ್ಟ ಗಂಟೆಕ್ಕ ಹೊಂಡತೈತ್ರಿ?"

"ಏಳಕ್ಕ," ಅಂದ ಅಣ್ಣ. ತಿರುಗಿ ಬಕೆಟ್ ನೋಡಿದ. ಹಾಕಿದೆನೋ, ಇಲ್ಲವೋ? ಕ್ಯಾನ್ ಎತ್ತಿ ಅಲುಗಾಡಿಸಿದ. ಆಮೇಲೆ ಇನ್ನೊಂದು ಸಲ ಸುರಿದ.

ಎದುರಿಗೇ ಕೂತು ಕೈಗೆ ಪ್ಲಾಸ್ಟಿಕ್ ಕಟ್ಟಿಕೊಳ್ಳುತ್ತಿದ್ದ ಕೆಲಸದ ಗಂಗವ್ವ ಅದನ್ನು ನೋಡಿದ್ದಳು. ಯಾಕೆ ಹೇಳಲಿಲ್ಲ?

"ಕಲಸೂ ಮುಂದ ಮಾತಾಡಬಾರ್ದಲ್ರಿ," ಅಂದಳು ನನಗೆ.

ಅಣ್ಣನಿಗೀಗ ಎಪ್ಪತ್ತರ ಹತ್ತಿರ. ಅರಳು ಮರುಳೇ? ಖಂಡಿತ ಅಲ್ಲ. ಸತ್ತುಹೋದ ಎತ್ತುಗಳ ಸುಳಿ ಎಲ್ಲಿತ್ತು ಎಂದು ಈಗಲೂ ಹೇಳುತ್ತಾನೆ. ಪರಿಚಯದ ಡಾಕ್ಟರನ್ನು ಕೇಳಿದೆ. ಹಳೆಯದೆಲ್ಲ ಭದ್ರವಾಗಿರುತ್ತದಂತೆ. ಸಡಿಲವಾಗುವುದು ಈ ಗಳಿಗೆಯದನ್ನು ತಲೆಯಲ್ಲಿ ಹಿಡಿದುಕೊಂಡೇ ಇನ್ನೊಂದಕ್ಕೆ ಉತ್ತರ ಕೊಡುವ ಶಕ್ತಿ. ಮುದಿ ಮಿದುಳು ಸೋಮಾರಿಯಲ್ಲ, ಅಷ್ಟೇ ಕೆಲಸಕ್ಕೆ ಹರೆಯದವರದಕ್ಕಿಂತ ಹೆಚ್ಚು ಒದ್ದಾಡುತ್ತದೆ ಅಂದರು. (ಅಡುಗೆಮನೆಗೆ ಹೋಗಿ, ಯಾಕೆ ಬಂದೆ ಅಂತ ನಾನೂ ನಿಲ್ಲುತ್ತೇನೆ. ನೀವು?)

ಡಾಕ್ಟರ ಮಾತು ಕಟ್ಟಿಕೊಂಡು ತೋಟದಲ್ಲಿ ಯಾರಿಗೇನಾಗಬೇಕಿದೆ? "ಅಪ್ಪಾ, ಇನ್ನ ನೀ ಬಕೆಟ್ ಮುಟ್ಟಬ್ಯಾಡ," ಅಂದಿದ್ದ ಅಣ್ಣನ ಮಗ ಮಹಾದೇವ. ಕೆಲಸದವರ ಎದುರಿಗೇ. ಅಂದಿನಿಂದ ಆಳುಗಳು ಏನಿದ್ದರೂ ಮಹಾದೇವನನ್ನೇ ಕೇಳುತ್ತಾರೆ. ನೀರು ಬಿಡುವುದಕ್ಕೂ ಅಣ್ಣನ ಅಪ್ಪಣೆ ಬೇಕಿಲ್ಲ. ಅವನು ಬಾವಿ ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ಹೋಗಿ ಪಕ್ಕದಲ್ಲಿ ಕೂತೆ.

"ಅನುಮಾನ ಬಂದಿತ್ತಲ್ಲಣ್ಣಾ, ಗಂಗವ್ವನ್ನ ಒಂದ ಮಾತ ಕೇಳಬೇಕಿತ್ತು," ಅಂದೆ. "ಇಲ್ಲಾ, ಚೆಲ್ಲಿ ಹೊಸಾದ ಕಲಸಬೇಕಿತ್ತು."

"ಚೆಲ್ಲಿದ್ರ ಯಾಕ ಚೆಲ್ಲಿದಿ ಅಂತಿದ್ರು. ಕೇಳಿದ್ರ ಅವತ್ತ ಕೈಯಾಗಿನ ಬಕೆಟ್ ಕಸಗೋತಿದ್ರು."

"ಈಗೂ ಕಸಗೊಂಡ್ರಲ್ಲ?"

"ಕಸಗೊಂಡ್ರು." ಅಣ್ಣ ಸುಟ್ಟ ಸಾಲುಗಳ ಕಡೆ ನೋಡಲಿಲ್ಲ. "ಆದ್ರ ಉಳದ ಸಾಲು ಚಿಗುರೂ ಮಟಾ ನಾನ ಯಜಮಾನ ಇದ್ನಲ್ಲೋ, ತಮ್ಮಾ."

"ಮರೆತೆ" ಅನ್ನುವುದಕ್ಕಿಂತ ಬಳ್ಳಿ ಸುಡುವುದೇ ಹಗುರ ಅನ್ನಿಸುವಂಥ ಮನೆಗಳನ್ನು ನಾವು ಯಾವಾಗ ಕಟ್ಟಿಕೊಂಡೆವು?